ಸೂರಿನಡಿಯ ದುಡಿಮೆ: ಒಳಗಿನ ಗಾಳಿ ಮತ್ತು ಕೆಲಸಗಾರರ ಆರೋಗ್ಯ

ಬೇಸಾಯವೆಂದರೆ ಬಯಲಿನ ಕೆಲಸ, ಬಯಲಿನಲ್ಲಿ ಗಾಳಿಗೇನು ಕೊರತೆ ಎಂಬುದು ಸಾಮಾನ್ಯ ಭಾವನೆ. ಉಳುಮೆ, ಬಿತ್ತನೆ, ಕಳೆ, ಕೊಯ್ಲುಗಳ ಮಟ್ಟಿಗೆ ಈ ಮಾತು ನಿಜ. ಆದರೆ ಬೆಳೆ ಕಣಕ್ಕೆ ಬಂದ ಮೇಲೆ ರೈತನ ಹಾಗೂ ಕೂಲಿಗಾರರ ದುಡಿಮೆಯ ಬಹುಪಾಲು ಸೂರಿನಡಿಯಲ್ಲೇ ನಡೆಯುತ್ತದೆ. ಗೋದಾಮಿನಲ್ಲಿ ಚೀಲ ಒಟ್ಟುವುದು, ಗಿರಣಿಯಲ್ಲಿ ಭತ್ತ ಸುರಿಯುವುದು, ಮೇವಿನ ಮನೆಯಲ್ಲಿ ಹುಲ್ಲು ಹಿರಿಯುವುದು, ರೇಷ್ಮೆ ಹುಳು ಸಾಕುವುದು, ಗೂಡಿನಿಂದ ನೂಲು ತೆಗೆಯುವುದು, ಕೋಳಿ ಮನೆ ಗುಡಿಸುವುದು, ಅಣಬೆ ಬೆಳೆಯುವುದು ಇವೆಲ್ಲವೂ ನಾಲ್ಕು ಗೋಡೆಗಳ ನಡುವಿನ ಕೆಲಸಗಳೇ. ಅಲ್ಲಿನ ಗಾಳಿ ಬಯಲಿನ ಗಾಳಿಯಲ್ಲ.

ಇದು ಹೊಸ ವಿಷಯವೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜೀನಿ 1700ರಲ್ಲಿ ಕಸುಬುಗಳಿಂದ ಬರುವ ರೋಗಗಳ ಬಗ್ಗೆ ಒಂದು ಗ್ರಂಥ ಪ್ರಕಟಿಸಿದ. ಅದರಲ್ಲಿ ಧಾನ್ಯ ಜರಡಿ ಹಿಡಿಯುವವರಿಗೂ ಅಳೆಯುವವರಿಗೂ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಧೂಳಿನಿಂದ ಅವರ ಗಂಟಲು, ಕಣ್ಣು ಮತ್ತು ಎದೆ ಕೆಡುವುದನ್ನು ಬರೆದ. ಮೂರು ಶತಮಾನಗಳು ಕಳೆದಿವೆ. ಧಾನ್ಯಕ್ಕೆ ತೇವ ತಗುಲದಂತೆ, ಹುಳ ಬೀಳದಂತೆ ನೋಡಿಕೊಳ್ಳುವ ವಿದ್ಯೆ ಬಹಳ ಮುಂದುವರಿದಿದೆ. ಅದೇ ಧಾನ್ಯವನ್ನು ಹೊರುವ, ಕೇರುವ ಜನರ ಶ್ವಾಸಕೋಶದ ಬಗ್ಗೆ ಮಾತ್ರ ಅಷ್ಟೇ ಕಾಳಜಿ ಇನ್ನೂ ಬಂದಿಲ್ಲ.

ಉಸಿರಿನ ಲೆಕ್ಕ

ಶುದ್ಧವಾದ ಒಣ ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕ, ಶೇಕಡ 21ರಷ್ಟು ಆಮ್ಲಜನಕ ಮತ್ತು ಶೇಕಡ 0.04ರಷ್ಟು ಇಂಗಾಲದ ಡೈ ಆಕ್ಸೈಡ್ ಇರುತ್ತವೆ. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿಯನ್ನು ಉಸಿರಾಡುತ್ತಾನೆ. ಮಧ್ಯಮ ಶ್ರಮದ ಕೆಲಸ ಮಾಡುವಾಗ ಇದು 25 ಲೀಟರಿನಷ್ಟಾಗುತ್ತದೆ. ಚೀಲ ಹೊರುವಂತಹ ಕಷ್ಟದ ಕೆಲಸದಲ್ಲಿ ಇನ್ನೂ ಹೆಚ್ಚು. ನಿಮಿಷಕ್ಕೆ 25 ಲೀಟರಿನಂತೆ ಎಣಿಸಿದರೂ 8 ಗಂಟೆಗಳ ಕೆಲಸದಲ್ಲಿ 12,000 ಲೀಟರ್ ಗಾಳಿ ಒಳಗೆ ಹೋಗಿ ಬರುತ್ತದೆ. ಇದರ ತೂಕ ಸುಮಾರು 14 ಕಿಲೋಗ್ರಾಂ. ಒಬ್ಬ ಕೂಲಿಗಾರ ದಿನವೆಲ್ಲ ತಿನ್ನುವ ಅನ್ನ ಮುದ್ದೆ, ಕುಡಿಯುವ ನೀರು ಎಲ್ಲವನ್ನೂ ಸೇರಿಸಿದರೂ ಇಷ್ಟು ತೂಗುವುದಿಲ್ಲ. ಊಟದಲ್ಲಿ ಒಂದು ಕಲ್ಲು ಸಿಕ್ಕರೆ ತಟ್ಟೆ ಸರಿಸುವವರು ಈ ಆಹಾರವನ್ನು ಮಾತ್ರ ನೋಡದೆ ಸೇವಿಸುತ್ತಾರೆ.

ಮೂಗಿನ ಕೂದಲು ಮತ್ತು ಸಿಂಬಳ ದಪ್ಪ ಧೂಳನ್ನು ತಡೆಯುತ್ತವೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹತ್ತು ಮೈಕ್ರಾನಿಗಿಂತ ದಪ್ಪದ ಕಣಗಳು ಬಹುಮಟ್ಟಿಗೆ ಮೂಗು ಗಂಟಲುಗಳಲ್ಲೇ ನಿಲ್ಲುತ್ತವೆ. ಐದು ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ತೀರ ಒಳಗಿನ ಗಾಳಿಗೂಡುಗಳವರೆಗೂ ಇಳಿಯುತ್ತವೆ. ಆದ್ದರಿಂದ ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಹೆಚ್ಚು ಹಾನಿಕರ. ಕಿಟಕಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ಮಾತ್ರ ತೇಲಾಡುವಂತೆ ತೋರುವುದು ಈ ಬಗೆಯ ಸಣ್ಣ ಧೂಳು.

ಮುಚ್ಚಿದ ಜಾಗದ ಗಾಳಿ ಮೂರು ರೀತಿಯಲ್ಲಿ ಕೆಡುತ್ತದೆ. ಮೊದಲನೆಯದು, ಧೂಳು ಮತ್ತು ಬೂಷ್ಟಿನ ಬೀಜಕಣಗಳು ಸೇರುವುದು. ಎರಡನೆಯದು, ಹೊಗೆ ಮತ್ತು ವಿಷಾನಿಲಗಳು ಸೇರುವುದು. ಮೂರನೆಯದು, ಆಮ್ಲಜನಕವೇ ಕಡಿಮೆಯಾಗುವುದು. ಮೊದಲನೆಯದು ವರ್ಷಗಟ್ಟಲೆ ಕಾದು ಕೆಡಿಸುತ್ತದೆ. ಕೊನೆಯದು ನಿಮಿಷಗಳಲ್ಲಿ ಪ್ರಾಣ ತೆಗೆಯುತ್ತದೆ.

ಧಾನ್ಯದ ಧೂಳು, ಹುಲ್ಲಿನ ಬೂಷ್ಟು

ಧಾನ್ಯದ ಧೂಳೆಂದರೆ ಬರೀ ಮಣ್ಣಲ್ಲ. ಹೊಟ್ಟು, ಸುಂಕು, ಸತ್ತ ಹುಳಗಳ ಚೂರು, ನುಸಿ, ಇಲಿ ಹಿಕ್ಕೆಯ ಪುಡಿ, ಬೂಷ್ಟಿನ ಬೀಜಕಣ, ಬ್ಯಾಕ್ಟೀರಿಯಾಗಳ ಅವಶೇಷ ಇವೆಲ್ಲ ಅದರಲ್ಲಿರುತ್ತವೆ. ಇವುಗಳಿಂದ ಮೂಗು ಸೋರುವುದು, ಕಣ್ಣುರಿ, ಒಣಕೆಮ್ಮು ಮೊದಲಿಗೆ ತೋರುತ್ತವೆ. ವರ್ಷಗಳ ಮೇಲೆ ಕಫ ಕಟ್ಟುವ ಕೆಮ್ಮು ಮತ್ತು ಗೂರಲು ನೆಲೆಯೂರುತ್ತವೆ. ಬೀಡಿ ಸೇದುವವರಲ್ಲಿ ಈ ಹಾನಿ ಇನ್ನೂ ಬೇಗ ಮತ್ತು ಹೆಚ್ಚು.

ಸರಿಯಾಗಿ ಒಣಗದೆ ಒಟ್ಟಿದ ಹುಲ್ಲು ಒಳಗೊಳಗೇ ಬಿಸಿಯೇರುತ್ತದೆ. ಆ ಬಿಸಿಯಲ್ಲಿ ಹುಲುಸಾಗಿ ಬೆಳೆಯುವ ಒಂದು ಜಾತಿಯ ಸೂಕ್ಷ್ಮಜೀವಿಗಳು ಹುಲ್ಲನ್ನು ಹಿರಿದು ಕೊಡವಿದಾಗ ಬೂದಿಯಂತೆ ಮೇಲೇಳುತ್ತವೆ. ಇಂಗ್ಲೆಂಡಿನಲ್ಲಿ ಕ್ಯಾಂಬೆಲ್ ಎಂಬ ವೈದ್ಯ 1932ರಲ್ಲಿ ಬೂಷ್ಟು ಹಿಡಿದ ಹುಲ್ಲಿನೊಡನೆ ಕೆಲಸ ಮಾಡಿದ ರೈತರಲ್ಲಿ ಒಂದು ಕಾಯಿಲೆಯನ್ನು ಗುರುತಿಸಿದ. ಮುಂದೆ ಅದಕ್ಕೆ 'ರೈತನ ಶ್ವಾಸಕೋಶ' ಎಂಬ ಹೆಸರೇ ಬಂತು. ಕಬ್ಬಿನ ಸಿಪ್ಪೆಯ ರಾಶಿ ಮಳೆಗೆ ನೆನೆದು ಬೂಷ್ಟು ಹಿಡಿದರೆ ಅದನ್ನು ಕೆದಕುವವರಿಗೂ ಇದೇ ಬಗೆಯ ಕಾಯಿಲೆ ಬರುತ್ತದೆ.

ಈ ಕಾಯಿಲೆಯ ಲಕ್ಷಣವನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ಚೆನ್ನಾಗಿ ತಿಳಿದಿರಬೇಕು. ಕೆಲಸ ಮಾಡುವಾಗ ಏನೂ ಆಗುವುದಿಲ್ಲ. ಬೆಳಿಗ್ಗೆ ಹುಲ್ಲು ಕೊಡವಿದವನಿಗೆ 4ರಿಂದ 8 ಗಂಟೆಗಳ ನಂತರ, ಅಂದರೆ ಸಂಜೆ ಅಥವಾ ರಾತ್ರಿ, ಚಳಿಜ್ವರ, ಮೈಕೈ ನೋವು, ಒಣಕೆಮ್ಮು, ಏದುಸಿರು ಬರುತ್ತದೆ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಹುಲ್ಲಿಗೂ ಜ್ವರಕ್ಕೂ ನಂಟಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಶೀತವಾಗಿದೆ, ಮಲೇರಿಯಾ ಇರಬಹುದು ಎಂದು ಮಾತ್ರೆ ನುಂಗಿ ಮತ್ತೆ ಅದೇ ಕೆಲಸಕ್ಕೆ ಹೋಗುತ್ತಾರೆ. ಹೀಗೆ ಮತ್ತೆ ಮತ್ತೆ ಆದರೆ ಶ್ವಾಸಕೋಶ ನಾರುಗಟ್ಟಿ ಗಡುಸಾಗುತ್ತದೆ. ಆಮೇಲೆ ಯಾವ ಔಷಧದಿಂದಲೂ ಅದು ಮೊದಲಿನಂತಾಗುವುದಿಲ್ಲ. 'ಯಾವ ಕೆಲಸ ಮಾಡಿದ ದಿನ ಜ್ವರ ಬರುತ್ತದೆ' ಎಂಬ ಒಂದು ಪ್ರಶ್ನೆ ಈ ಕಾಯಿಲೆಯ ಜಾಡು ಹಿಡಿಯಲು ನೆರವಾಗುತ್ತದೆ.

ಹತ್ತಿ ಹಿಂಜುವ ಮತ್ತು ನೂಲುವ ಕಡೆ ಲಕ್ಷಣ ಬೇರೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುತ್ತದೆ, ಉಳಿದ ದಿನಗಳಲ್ಲಿ ಕಡಿಮೆಯಾಗುತ್ತದೆ. ವರ್ಷಗಳು ಕಳೆದಂತೆ ವಾರವಿಡೀ ಬಿಗಿತ ಉಳಿಯುತ್ತದೆ. ಸೋಮವಾರದ ಈ ಎದೆಬಿಗಿತವನ್ನು ಸೋಮಾರಿತನದ ನೆಪವೆಂದು ತಳ್ಳಿಹಾಕುವುದು ದೊಡ್ಡ ತಪ್ಪು.

ತಡೆಯುವ ದಾರಿ ಕಣದಿಂದಲೇ ಆರಂಭವಾಗಬೇಕು. ಧಾನ್ಯದ ತೇವಾಂಶ ಶೇಕಡ 12ಕ್ಕೆ ಇಳಿಯುವವರೆಗೆ ಒಣಗಿಸಿ ಆಮೇಲೆ ಚೀಲ ತುಂಬಬೇಕು. ಹುಲ್ಲನ್ನು ಪೂರ್ತಿ ಒಣಗಿಸಿ ಬಣವೆ ಒಟ್ಟಬೇಕು, ನೆಲದ ತೇವ ತಾಗದಂತೆ ಕೆಳಗೆ ಕಲ್ಲು, ಮರ ಹಾಸಬೇಕು. ಬೂಷ್ಟು ಹಿಡಿದ ಹುಲ್ಲನ್ನು ಕೊಟ್ಟಿಗೆಯೊಳಗೆ ಕೊಡವದೆ ಬಯಲಿಗೆ ತಂದು, ನೀರು ಚಿಮುಕಿಸಿ, ಗಾಳಿಗೆ ಬೆನ್ನುಕೊಟ್ಟು ನಿಂತು ಬಿಡಿಸಬೇಕು. ಅಂತಹ ಹುಲ್ಲು ದನಗಳಿಗೂ ಒಳ್ಳೆಯದಲ್ಲ, ಗೊಬ್ಬರದ ಗುಂಡಿಗೆ ಹಾಕುವುದು ಲೇಸು.

ರೇಷ್ಮೆ ಮನೆ

ರೇಷ್ಮೆ ಕೃಷಿಕರಿಗೆ ಹುಳುವಿನ ಮನೆಯೇ ಕಾರ್ಖಾನೆ. ಚಾಕಿ ಹುಳುಗಳಿಗೆ 26ರಿಂದ 28 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯೂ ಶೇಕಡ 80ರಿಂದ 90ರಷ್ಟು ತೇವಾಂಶವೂ ಬೇಕು. ಇದನ್ನು ಕಾಯ್ದುಕೊಳ್ಳಲು ಕಿಟಕಿ ಮುಚ್ಚುತ್ತಾರೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಇದ್ದ ಕಿಂಡಿಗಳಿಗೂ ಬಲೆ ಬಿತ್ತು. ಹುಳುವನ್ನು ಉಳಿಸುವ ಈ ಕ್ರಮಗಳು ಅಗತ್ಯವೇ. ಆದರೆ ಅದೇ ಮನೆಯಲ್ಲಿ ದಿನಕ್ಕೆ ಹಲವು ಬಾರಿ ಸೊಪ್ಪು ಕೊಡುವ, ಹಾಸಿಗೆ ಬದಲಿಸುವ, ಎಷ್ಟೋ ಕಡೆ ಅಲ್ಲೇ ಮಲಗುವ ಮನೆಮಂದಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊದಲ ಅಪಾಯ ಸೋಂಕುನಿವಾರಣೆಯದು. ಶೇಕಡ 36ರ ಫಾರ್ಮಲಿನ್ ಒಂದು ಭಾಗಕ್ಕೆ 17 ಭಾಗ ನೀರು ಸೇರಿಸಿದರೆ ಶೇಕಡ 2ರ ದ್ರಾವಣ ದೊರೆಯುತ್ತದೆ. ಇದರ ಆವಿ ಕಣ್ಣು, ಮೂಗು, ಗಂಟಲುಗಳನ್ನು ಉರಿಸುತ್ತದೆ. ಅದಲ್ಲದೆ, ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ನಿರ್ಣಯಿಸಿದೆ. ಇದಕ್ಕೆ ಬದಲಾಗಿ ಸುಣ್ಣದ ತಿಳಿಯೊಡನೆ ಬ್ಲೀಚಿಂಗ್ ಪುಡಿಯನ್ನು ಅಥವಾ ಕ್ಲೋರಿನ್ ಡೈ ಆಕ್ಸೈಡ್ ದ್ರಾವಣವನ್ನು ಬಳಸುವ ಪದ್ಧತಿ ಬಂದಿದೆ. ಇವು ಕೂಡ ಎದೆಗೆ ಒಳ್ಳೆಯವಲ್ಲ, ಮೈಮೇಲೆ ಎಚ್ಚರವಿಟ್ಟೇ ಸಿಂಪಡಿಸಬೇಕು. ಸಿಂಪಡಣೆಯನ್ನು ಮನೆಯ ಒಳತುದಿಯಿಂದ ಆರಂಭಿಸಿ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತ ಮುಗಿಸಬೇಕು. ಬಾಗಿಲು ಮುಚ್ಚಿ 24 ಗಂಟೆ ಬಿಟ್ಟು, ನಂತರ ಬಾಗಿಲು ಕಿಟಕಿಗಳನ್ನೆಲ್ಲ ತೆರೆದು ವಾಸನೆ ಪೂರ್ತಿ ಹೋಗುವವರೆಗೆ ಗಾಳಿಯಾಡಿಸಬೇಕು. ಒಂದು ಸೋಂಕುನಿವಾರಕಕ್ಕೆ ಇನ್ನೊಂದನ್ನು ಎಂದೂ ಬೆರೆಸಬಾರದು. ಬ್ಲೀಚಿಂಗ್ ಪುಡಿಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಎರಡನೆಯದು ಅಗ್ಗಿಷ್ಟಿಕೆ. ಚಳಿಗಾಲದಲ್ಲಿ ಮನೆ ಕಾಯಿಸಲು ಇದ್ದಿಲು ಕೆಂಡವನ್ನು ಒಳಗಿಡುವುದುಂಟು. ಇದ್ದಿಲಿನಿಂದ ಹೊಗೆ ಕಾಣುವುದಿಲ್ಲವಾದ್ದರಿಂದ ಅಪಾಯವಿಲ್ಲವೆಂಬ ನಂಬಿಕೆ ಇದೆ. ವಾಸ್ತವವಾಗಿ ಗಾಳಿ ಸಾಲದೆ ಉರಿಯುವ ಕೆಂಡದಿಂದ ಇಂಗಾಲದ ಮಾನಾಕ್ಸೈಡ್ ಹೊರಡುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪುವಸ್ತುವಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಅಂಟಿಕೊಂಡು ಆಮ್ಲಜನಕದ ಸ್ಥಾನವನ್ನು ಕಸಿಯುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಸೂಚನೆಗಳು. ನಿದ್ರೆಯಲ್ಲಿರುವವರಿಗೆ ಈ ಸೂಚನೆಯೂ ಸಿಗುವುದಿಲ್ಲ. ಕೆಂಡವಿಟ್ಟ ಮನೆಯಲ್ಲಿ ಯಾರೂ ಮಲಗಬಾರದು. ಸಾಧ್ಯವಿದ್ದಲ್ಲಿ ವಿದ್ಯುತ್ ಹೀಟರ್ ಬಳಸಬೇಕು, ಇಲ್ಲವೇ ಹೊಗೆ ಕೊಳವೆ ಹೊರಗೆ ಹೋಗುವ ಒಲೆ ಕಟ್ಟಬೇಕು.

ಮೂರನೆಯದು ಹುಳುವಿನ ಹಾಸಿಗೆ. ಉಳಿದ ಸೊಪ್ಪು, ಹಿಕ್ಕೆಗಳು ಕೊಳೆತರೆ ಅಮೋನಿಯ ಮತ್ತು ಇಂಗಾಲದ ಡೈ ಆಕ್ಸೈಡ್ ಹೆಚ್ಚುತ್ತವೆ. ಇದು ಹುಳುವಿಗೂ ಹಾನಿ, ಮನುಷ್ಯನಿಗೂ ಹಾನಿ. ದೊಡ್ಡ ಹುಳುಗಳಿಗೆ ಶೇಕಡ 70ರಿಂದ 75ರಷ್ಟು ತೇವಾಂಶ ಸಾಕು, ಗಾಳಿಯೂ ಹೆಚ್ಚು ಬೇಕು. ಆದ್ದರಿಂದ ನಾಲ್ಕು, ಐದನೆಯ ಹಂತದಲ್ಲಿ ಕಿಟಕಿಗೆ ಊಜಿ ಬಲೆ ಇರಲಿ, ಗೋಣಿಚೀಲ ಬೇಡ. ಇಲ್ಲಿ ಬೆಳೆಯ ಹಿತವೂ ಬೆಳೆಗಾರನ ಹಿತವೂ ಒಂದೇ.

ಬಿತ್ತನೆ ಕೋಠಿಗಳಲ್ಲಿ ಚಿಟ್ಟೆಗಳ ರೆಕ್ಕೆಯಿಂದ ಉದುರುವ ಹುರುಪೆ ಹಲವರಿಗೆ ಉಬ್ಬಸ ತರುತ್ತದೆ. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲಗಳ ಬಿಚ್ಚಾಣಿಕೆ ಮನೆಗಳಲ್ಲಿ ಗೂಡು ಬೇಯಿಸುವ ಹಬೆ, ಸೌದೆಯ ಹೊಗೆ, ಸತ್ತ ಹುಳುಗಳ ವಾಸನೆ ಒಟ್ಟಿಗೆ ಸೇರುತ್ತವೆ. ಕುದಿಯುವ ನೀರಿಗೆ ಬಿಟ್ಟ ರೇಷ್ಮೆಯ ಅಂಟು ಹಾಗೂ ಹುಳುವಿನ ಸಸಾರಜನಕ ವಸ್ತುಗಳಿಂದಲೂ ಕೆಲವರಿಗೆ ಉಬ್ಬಸ, ಚರ್ಮದ ತುರಿಕೆ ಬರುತ್ತವೆ. ಒಲೆಯ ಬಾಯಿ ಗೋಡೆಯ ಹೊರಮಗ್ಗುಲಿಗೆ ಇದ್ದು ಬಾಣಲೆ ಮಾತ್ರ ಒಳಗಿದ್ದರೆ ಹೊಗೆಯ ತೊಂದರೆ ಅರ್ಧಕ್ಕರ್ಧ ತಪ್ಪಿದಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆಯ ತತ್ತ್ವವೂ ಇದೇ. ಗಾಳಿ ಸರಿಯಾಗಿ ಒದಗಿದರೆ ಸೌದೆ ಪೂರ್ತಿ ಉರಿಯುತ್ತದೆ, ಉಳಿದ ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಬಾಣಲೆಗಳ ಮೇಲೆ ತಗಡಿನ ಕೊಡೆ ಮಾಡಿ ಹಬೆಯನ್ನು ಮಾಡಿಗೆ ಬಿಡುವುದರಿಂದ ಇನ್ನಷ್ಟು ಅನುಕೂಲ. ಬಿಚ್ಚಾಣಿಕೆ ಮನೆಯಲ್ಲಾಗಲಿ, ಆಲೆಮನೆಯಲ್ಲಾಗಲಿ ಟೈರು, ಪ್ಲಾಸ್ಟಿಕ್ ಉರಿಸಬಾರದು.

ಕೋಳಿ ಮನೆ, ಅಣಬೆ ಮನೆ

ಕೋಳಿ ಮನೆಯ ಖಾರವಾದ ವಾಸನೆ ಅಮೋನಿಯದ್ದು. ಹಿಕ್ಕೆಯಲ್ಲಿರುವ ಸಾರಜನಕದ ವಸ್ತುವನ್ನು ತೇವದಲ್ಲಿ ಸೂಕ್ಷ್ಮಜೀವಿಗಳು ಒಡೆದಾಗ ಇದು ಹುಟ್ಟುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ ಅಮೋನಿಯ ಇದ್ದರೆ 8 ಗಂಟೆಗಳ ದುಡಿಮೆಗೆ ಅದು ಮಿತಿಯೆಂದು ಎಣಿಸುತ್ತಾರೆ. ಅಳೆಯುವ ಸಾಧನ ಇಲ್ಲದವರಿಗೆ ಒಂದು ಸರಳ ಸೂಚನೆ ಸಾಕು. ಮನೆಯೊಳಗೆ ಹೊಕ್ಕ ಕೂಡಲೇ ಕಣ್ಣು ಚುರುಗುಟ್ಟಿದರೆ ಅಮೋನಿಯ ಹೆಚ್ಚಾಗಿದೆಯೆಂದೇ ಅರ್ಥ. ದಿನವೂ ಅಲ್ಲಿರುವವರ ಮೂಗು ವಾಸನೆಗೆ ಒಗ್ಗಿಹೋಗಿರುವುದರಿಂದ ಹೊರಗಿನಿಂದ ಬಂದವರ ಮಾತನ್ನು ನಂಬುವುದು ಲೇಸು. ಹೊಟ್ಟಿನ ಹಾಸನ್ನು ಆಗಾಗ್ಗೆ ತಿರುವಿ ಒಣಗಿಸುವುದು, ನೀರಿನ ತೊಟ್ಟಿ ಸೋರದಂತೆ ನೋಡುವುದು, ಒದ್ದೆಯಾದ ಹಾಸನ್ನು ತೆಗೆದುಹಾಕುವುದು, ಚಳಿಗೆಂದು ಇಳಿಬಿಟ್ಟ ಪರದೆಯ ಮೇಲ್ಭಾಗವನ್ನು ತೆರೆದಿಡುವುದು ಇದಕ್ಕೆ ಪರಿಹಾರ. ಹಾಸು ತಿರುವುವಾಗ ಧೂಳು ಏಳುವುದರಿಂದ ಮುಖಗವಸು ಅಗತ್ಯ.

ಅಣಬೆ ಬೇಸಾಯದಲ್ಲಿ, ಅದರಲ್ಲೂ ಚಿಪ್ಪು ಅಣಬೆಯಲ್ಲಿ, ಕೊಡೆ ಬಲಿತಂತೆ ಅಸಂಖ್ಯ ಬೀಜಕಣಗಳು ಗಾಳಿಗೆ ಸೇರುತ್ತವೆ. ಮನೆಯ ಮೂಲೆಯೊಂದರಲ್ಲಿ ಅಣಬೆ ಬೆಳೆಯುವ ಮಹಿಳೆಯರಲ್ಲಿ ಸಂಜೆಯ ಜ್ವರ, ಕೆಮ್ಮು ಕಂಡುಬಂದರೆ ಈ ಕಾರಣವನ್ನು ಮರೆಯಬಾರದು. ಕೊಡೆಯ ಅಂಚು ಮೇಲಕ್ಕೆ ಸುರುಳಿಯಾಗುವ ಮೊದಲೇ ಕೊಯ್ಯಬೇಕು. ಹೀಗೆ ಕೊಯ್ದ ಅಣಬೆಗೆ ಪೇಟೆಯಲ್ಲಿ ಬೆಲೆಯೂ ಚೆನ್ನಾಗಿರುತ್ತದೆ. ಕೊಯ್ಲಿಗೆ ಮುಂಚೆ ಮನೆಗೆ ಗಾಳಿಯಾಡಿಸಬೇಕು. ಅಣಬೆಯ ಕೋಣೆಯೂ ಮಲಗುವ ಕೋಣೆಯೂ ಒಂದೇ ಆಗಿರಬಾರದು.

ಗೋದಾಮಿನ ವಿಷಾನಿಲ

ಹಿಂದೆ ರೈತರ ಮನೆಗಳಲ್ಲಿ ಧಾನ್ಯಕ್ಕೆ ಇ.ಡಿ.ಬಿ. ಆಂಪೂಲ್ ಒಡೆದು ಹಾಕುವ ವಾಡಿಕೆ ಇತ್ತು. ಆ ಔಷಧವನ್ನು ಭಾರತದಲ್ಲಿ 2001ರಲ್ಲಿ ನಿಷೇಧಿಸಲಾಯಿತು. ಈಗ ಗೋದಾಮುಗಳಲ್ಲಿ ಬಳಕೆಯಲ್ಲಿರುವುದು ಅಲ್ಯುಮಿನಿಯಂ ಫಾಸ್ಫೈಡ್. ಇದು ಗಾಳಿಯ ತೇವಕ್ಕೆ ತಗುಲಿ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಇದರ ಬಳಕೆ ತರಬೇತಿ ಪಡೆದವರ ಮೇಲ್ವಿಚಾರಣೆಯಲ್ಲಿ ಮಾತ್ರ ಆಗಬೇಕೆಂಬ ನಿಯಮವಿದೆ. ಆದರೂ ಬಿಡಿ ಮಾತ್ರೆಗಳು ಹೇಗೋ ಹಳ್ಳಿಮನೆಗಳನ್ನು ತಲುಪುವುದುಂಟು.

ಇದರ ಉಗ್ರತೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮೂರು ಗ್ರಾಂ ತೂಕದ ಒಂದು ಮಾತ್ರೆಯಿಂದ 1 ಗ್ರಾಂ ಫಾಸ್ಫೀನ್ ಹೊರಡುತ್ತದೆ. ಅಂದರೆ ಸುಮಾರು 0.7 ಲೀಟರ್ ಅನಿಲ. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಬರಿದಾದ ಕೋಣೆಯಲ್ಲಿ ಸುಮಾರು 85,000 ಲೀಟರ್ ಗಾಳಿ ಇರುತ್ತದೆ. ಈ ಕೋಣೆಗೆ ಒಂದೇ ಮಾತ್ರೆ ಹಾಕಿದರೂ ಹತ್ತು ಲಕ್ಷ ಭಾಗ ಗಾಳಿಗೆ ಸುಮಾರು 8 ಭಾಗ ಫಾಸ್ಫೀನ್ ಆಗುತ್ತದೆ. ಕೆಲಸದ ಜಾಗದಲ್ಲಿ ಇರಬಹುದಾದ ಮಿತಿ 0.3 ಭಾಗ ಮಾತ್ರ. ಒಂದು ಮಾತ್ರೆ ಆ ಮಿತಿಯನ್ನು 25 ಪಟ್ಟಿಗೂ ಮೀರಿಸುತ್ತದೆ. ಆರು ಮಾತ್ರೆಗಳಾದರೆ 50 ಭಾಗದ ಸುತ್ತ, ಅಂದರೆ ಕೂಡಲೇ ಪ್ರಾಣಕ್ಕೆ ಎರವಾಗಬಲ್ಲ ಮಟ್ಟಕ್ಕೆ ಮುಟ್ಟುತ್ತದೆ. ಕೋಣೆಯ ತುಂಬ ಚೀಲಗಳಿದ್ದರೆ ಗಾಳಿಗೆ ಉಳಿಯುವ ಜಾಗ ಕಡಿಮೆಯಾಗುವುದರಿಂದ ಪ್ರಮಾಣ ಇನ್ನೂ ಏರುತ್ತದೆ.

ಫಾಸ್ಫೀನಿಗೆ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂತಹ ವಾಸನೆ ಇರುತ್ತದೆ. ಆದರೆ ವಾಸನೆ ಬರಲಿಲ್ಲವೆಂದು ಗಾಳಿ ಸುರಕ್ಷಿತವೆಂದು ತಿಳಿಯಬಾರದು. ಬಾಗಿಲ ಸಂದು, ಹೆಂಚಿನ ಸಂದು, ಗೋಡೆಯ ಬಿರುಕುಗಳಲ್ಲಿ ಅದು ಪಕ್ಕದ ಕೋಣೆಗೂ ಹಾಯುತ್ತದೆ. ವಾಕರಿಕೆ, ವಾಂತಿ, ಎದೆಬಿಗಿತ, ಉಸಿರುಕಟ್ಟುವಿಕೆ ಇದರ ಲಕ್ಷಣಗಳು. ಊಟ ಕೆಟ್ಟಿತೆಂದು ಬಗೆದು ಕಾಲಹರಣ ಮಾಡುವುದೇ ಹಲವೆಡೆ ಅನಾಹುತಕ್ಕೆ ಕಾರಣ. ಈ ವಿಷಕ್ಕೆ ನಿರ್ದಿಷ್ಟವಾದ ಪ್ರತಿವಿಷ ಇಲ್ಲ. ಆದ್ದರಿಂದ ಮನುಷ್ಯರು ವಾಸಿಸುವ ಮನೆಯಲ್ಲಿ, ಅದಕ್ಕೆ ಅಂಟಿಕೊಂಡ ಕೋಣೆಯಲ್ಲಿ ಈ ಮಾತ್ರೆಯನ್ನು ಬಳಸಲೇಬಾರದು. ಮನೆಮಟ್ಟದ ದಾಸ್ತಾನಿಗೆ ಚೆನ್ನಾಗಿ ಒಣಗಿಸುವುದು, ಗಾಳಿಯಾಡದ ಚೀಲ ಅಥವಾ ಡಬ್ಬಿಗಳಲ್ಲಿ ತುಂಬುವುದು, ಬೇಳೆಕಾಳುಗಳನ್ನು ಆಗಾಗ್ಗೆ ಬಿಸಿಲಿಗೆ ಹಾಕುವುದು ಸಾಕು.

ಹಗೇವಿನ ಗಾಳಿ

ನಮ್ಮ ನಾಡಿನ ಹಗೇವು ಗಾಳಿಯ ಗುಣವನ್ನು ಅರಿತು ಕಟ್ಟಿದ ಜಾಣತನದ ಉಗ್ರಾಣ. ಬಾಯಿ ಮುಚ್ಚಿದ ಹಗೇವಿನಲ್ಲಿ ರಾಗಿ, ಜೋಳದ ಕಾಳುಗಳೂ ಹುಳಗಳೂ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಇಂಗಾಲದ ಡೈ ಆಕ್ಸೈಡ್ ತುಂಬಿಕೊಂಡು ಹುಳ ಸಾಯುತ್ತದೆ, ಧಾನ್ಯ ಉಳಿಯುತ್ತದೆ. ಹುಳವನ್ನು ಕೊಲ್ಲುವ ಆ ಗಾಳಿಯೇ ಇಳಿದವನನ್ನೂ ಕೊಲ್ಲುತ್ತದೆ. ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾಯಿ ತೆರೆದ ಮಾತ್ರಕ್ಕೆ ಅದು ಹೊರಗೆ ಬರುವುದಿಲ್ಲ, ತಳದಲ್ಲೇ ನಿಲ್ಲುತ್ತದೆ.

ಆಮ್ಲಜನಕ ಶೇಕಡ 16ಕ್ಕಿಂತ ಕೆಳಗಿಳಿದರೆ ಏದುಸಿರು, ಬುದ್ಧಿಮಂಕು ಬರುತ್ತವೆ. ಶೇಕಡ 10ಕ್ಕಿಂತ ಕೆಳಗೆ ಪ್ರಜ್ಞೆ ತಪ್ಪುತ್ತದೆ. ಶೇಕಡ 6ಕ್ಕಿಂತ ಕೆಳಗೆ ಕೆಲವೇ ನಿಮಿಷಗಳಲ್ಲಿ ಸಾವು. ಇಳಿದವನು ಕೂಗಿ ಕರೆಯುವಷ್ಟೂ ಸಮಯ ಸಿಗುವುದಿಲ್ಲ. ಅವನು ಬಿದ್ದದ್ದನ್ನು ಕಂಡು ಅಣ್ಣನೋ ಮಗನೋ ಹಿಂದೆಯೇ ಇಳಿಯುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಒಂದು ಸಾವು ಮೂರಾಗುವುದು ಹೀಗೆ.

ದೀಪ ಇಳಿಬಿಟ್ಟು ನೋಡುವ ಹಿರಿಯರ ಪದ್ಧತಿಯಲ್ಲಿ ಅರ್ಥವಿದೆ. ಆಮ್ಲಜನಕ ಶೇಕಡ 16 ಅಥವಾ 17ಕ್ಕೆ ಬಂದಾಗ ದೀಪ ಆರುತ್ತದೆ. ದೀಪ ಆರಿದರೆ ಇಳಿಯಕೂಡದು ಎಂಬುದು ಖಚಿತ. ಆದರೆ ದೀಪ ಉರಿಯಿತೆಂದ ಮಾತ್ರಕ್ಕೆ ಇಳಿಯಬಹುದು ಎಂಬುದು ಖಚಿತವಲ್ಲ, ಏಕೆಂದರೆ ಬೇರೆ ವಿಷಾನಿಲಗಳನ್ನು ದೀಪ ತೋರಿಸುವುದಿಲ್ಲ. ಗೋಬರ್ ಗ್ಯಾಸ್ ತೊಟ್ಟಿಯ ಹತ್ತಿರವಂತೂ ದೀಪ ತರಲೇಬಾರದು, ಅಲ್ಲಿನ ಮೀಥೇನ್ ಹೊತ್ತಿ ಸಿಡಿಯುತ್ತದೆ. ಹಗೇವನ್ನು ಒಂದು ದಿನ ಮೊದಲೇ ತೆರೆದು, ಬ್ಲೋವರ್ ಅಥವಾ ತೂರುವ ಫ್ಯಾನಿಗೆ ಕೊಳವೆ ಜೋಡಿಸಿ ತಳದವರೆಗೆ ಹೊಸ ಗಾಳಿ ನುಗ್ಗಿಸಬೇಕು. ಇಳಿಯುವವನ ಕಂಕುಳಿಗೆ ಹಗ್ಗ ಬಿಗಿದು ಮೇಲೆ ಇಬ್ಬರು ಹಿಡಿದಿರಬೇಕು. ಒಳಗೆ ಯಾರಾದರೂ ಬಿದ್ದರೆ ಮೇಲಿನವರು ಹಗ್ಗದಿಂದ ಎಳೆಯಬೇಕೇ ಹೊರತು ತಾವು ಇಳಿಯಬಾರದು.

ಗಾಳಿಯಾಟಕ್ಕೆ ಏನು ಮಾಡಬೇಕು

ಬಿಸಿಗಾಳಿ ಹಗುರ, ಮೇಲೇರುತ್ತದೆ. ತಂಪುಗಾಳಿ ಭಾರ, ಕೆಳಗಿನಿಂದ ನುಗ್ಗುತ್ತದೆ. ಈ ಒಂದು ಸತ್ಯವನ್ನು ನೆನಪಿಟ್ಟರೆ ಹೆಚ್ಚಿನ ಖರ್ಚಿಲ್ಲದೆ ಮನೆಗೆ ಗಾಳಿಯಾಡಿಸಬಹುದು.

1. ಗಾಳಿ ಬೀಸಿ ಬರುವ ದಿಕ್ಕಿನ ಗೋಡೆಯಲ್ಲಿ ಕೆಳಗೆ ಕಿಂಡಿ, ಎದುರು ಗೋಡೆಯಲ್ಲಿ ಮಾಡಿನ ಹತ್ತಿರ ಕಿಂಡಿ ಇಡಬೇಕು. ಒಂದೇ ಗೋಡೆಯಲ್ಲಿ ಎರಡು ಕಿಟಕಿ ಇಟ್ಟರೆ ಗಾಳಿ ಹಾಯುವುದಿಲ್ಲ.

2. ಗೋದಾಮಿನಲ್ಲಿ ಚೀಲಗಳನ್ನು ಗೋಡೆಗೆ ತಾಗಿಸಿ ಒಟ್ಟಬಾರದು. ನಡುವೆ ಓಡಾಡುವಷ್ಟು ಜಾಗ ಬಿಟ್ಟರೆ ಗಾಳಿಯೂ ಓಡಾಡುತ್ತದೆ.

3. ಹೊರದೂಡುವ ಫ್ಯಾನನ್ನು ಧೂಳು ಏಳುವ ಜಾಗದ ಹತ್ತಿರವೇ ಇಡಬೇಕು. ಕೆಟ್ಟ ಗಾಳಿ ಕೆಲಸಗಾರನ ಮೂಗನ್ನು ದಾಟಿ ಹೋಗುವಂತೆ ಇಡಬಾರದು. ಒಳಗಡೆಯೇ ತಿರುಗುವ ಫ್ಯಾನು ಧೂಳನ್ನು ಕಳೆಯುವುದಿಲ್ಲ, ಹರಡುತ್ತದೆ.

4. ಒಣ ನೆಲವನ್ನು ಬರಲಿನಿಂದ ಗುಡಿಸುವ ಮೊದಲು ನೀರು ಚಿಮುಕಿಸಬೇಕು ಅಥವಾ ಒದ್ದೆ ಮರದ ಹೊಟ್ಟು ಎರಚಿ ಗುಡಿಸಬೇಕು. ಗೋದಾಮು ಗುಡಿಸುವವರು ಹೆಚ್ಚಾಗಿ ಹೆಂಗಸರು, ಜೊತೆಗೆ ಅವರ ಮಕ್ಕಳೂ ಇರುತ್ತಾರೆಂಬುದನ್ನು ಮಾಲೀಕರು ಮರೆಯಬಾರದು.

5. ಹೆಚ್ಚು ಧೂಳಿನ ಕೆಲಸವನ್ನು ಒಬ್ಬರಿಗೇ ದಿನವಿಡೀ ಕೊಡದೆ ಸರದಿಯಂತೆ ಹಂಚಬೇಕು.

ಮುಖಗವಸಿನ ಮಿತಿ

ಮುಖಕ್ಕೆ ಟವೆಲ್ ಸುತ್ತಿಕೊಳ್ಳುವುದು ವಾಡಿಕೆ. ಇದು ದಪ್ಪ ಧೂಳನ್ನು ತಡೆದೀತು, ಶ್ವಾಸಕೋಶಕ್ಕಿಳಿಯುವ ಸಣ್ಣ ಧೂಳನ್ನು ತಡೆಯಲಾರದು. ಧಾನ್ಯ, ಹುಲ್ಲು, ಕೋಳಿ ಹಾಸು ಮುಂತಾದ ಧೂಳಿನ ಕೆಲಸಗಳಿಗೆ ಎನ್-95 ಅಥವಾ ಐ.ಎಸ್. 9473 ಗುರುತಿನ ಮುಖಗವಸು ಬೇಕು. ಅದು ಮೂಗು ಕೆನ್ನೆಗಳಿಗೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಸಂದು ಉಳಿಯುತ್ತದೆ. ಈ ಗವಸು ಧೂಳಿಗೆ ಮಾತ್ರ. ಫಾರ್ಮಲಿನ್ ಆವಿ, ಫಾಸ್ಫೀನ್, ಅಮೋನಿಯಗಳನ್ನು ಇದು ತಡೆಯುವುದಿಲ್ಲ. ಅವಕ್ಕೆ ಆಯಾ ಅನಿಲಕ್ಕೆಂದೇ ತಯಾರಿಸಿದ ಡಬ್ಬಿ ಜೋಡಿಸಿದ ಗವಸು ಬೇಕು. ಆಮ್ಲಜನಕವೇ ಇಲ್ಲದ ಹಗೇವಿನಲ್ಲಿ ಡಬ್ಬಿಯ ಗವಸೂ ನಿರುಪಯೋಗಿ, ಏಕೆಂದರೆ ಅದು ಗಾಳಿಯನ್ನು ಸೋಸುತ್ತದೆಯೇ ಹೊರತು ತಯಾರಿಸುವುದಿಲ್ಲ.

ವೈದ್ಯರ ಬಳಿಗೆ

ಎರಡು ವಾರಕ್ಕೂ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯವಿಲ್ಲವೆಂದು ತಿಳಿದರೂ ಅಲ್ಲಿಗೇ ನಿಲ್ಲದೆ, ಯಾವ ಕೆಲಸ, ಎಷ್ಟು ವರ್ಷದಿಂದ, ರಜೆಯಲ್ಲಿ ಕೆಮ್ಮು ಕಡಿಮೆಯಾಗುತ್ತದೆಯೇ ಎಂಬುದನ್ನು ವೈದ್ಯರಿಗೆ ಹೇಳಬೇಕು. ಕೆಲಸದ ಜಾಗ ಬಿಟ್ಟಾಗ ಇಳಿಯುವ, ಮತ್ತೆ ಹೊಕ್ಕಾಗ ಏರುವ ಉಬ್ಬಸಕ್ಕೆ ಆ ಜಾಗದ ಗಾಳಿಯೇ ಕಾರಣವಿರುವ ಸಂಭವ ಹೆಚ್ಚು. ವಿಷಾನಿಲ ತಗುಲಿದವರನ್ನು ಕೂಡಲೇ ಬಯಲಿಗೆ ತಂದು, ಬಟ್ಟೆ ಸಡಿಲಿಸಿ, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು, ಹಾಲು ಹಾಕಬಾರದು. ಔಷಧದ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಬೇಕು.

ವಿಸ್ತರಣಾ ಕಾರ್ಯಕರ್ತರು ಬೆಳೆ ನೋಡಲು ಹೊಲಕ್ಕೆ ಹೋದಂತೆಯೇ ಗೋದಾಮು, ಹುಳುಮನೆ, ಕೋಳಿಮನೆಗಳ ಒಳಗೂ ಒಂದು ಗಳಿಗೆ ನಿಂತು ಉಸಿರೆಳೆದು ನೋಡಬೇಕು. ಕಣ್ಣುರಿದರೆ, ಕೆಮ್ಮು ಬಂದರೆ ಅಲ್ಲಿ ಹೇಳಬೇಕಾದ ಮಾತು ಇದೆಯೆಂದು ತಿಳಿಯಬೇಕು. ಎದುರುಗೋಡೆಗೆ ಒಂದು ಕಿಂಡಿ, ಒಲೆಗೆ ಒಂದು ಕೊಳವೆ, ನಾಲ್ಕು ಮುಖಗವಸು, ಹಗೇವಿನ ಬಾಯಲ್ಲಿ ಒಂದು ಹಗ್ಗ ಇವಿಷ್ಟಕ್ಕೆ ತಗಲುವ ವೆಚ್ಚ ಒಂದು ಆಸ್ಪತ್ರೆ ವಾಸದ ಖರ್ಚಿಗಿಂತ ಕಡಿಮೆ. ಕೆಟ್ಟ ಧಾನ್ಯವನ್ನು ಮುಂದಿನ ಸುಗ್ಗಿಯಲ್ಲಿ ಮತ್ತೆ ಬೆಳೆಯಬಹುದು. ಗಡುಸಾದ ಶ್ವಾಸಕೋಶಕ್ಕೆ ಮುಂದಿನ ಸುಗ್ಗಿ ಇಲ್ಲ. ಈ ಸುಗ್ಗಿಯ ಧಾನ್ಯ ಒಳಗೆ ತುಂಬುವ ಮೊದಲೇ ರೈತರು ತಮ್ಮ ತಮ್ಮ ಮನೆ, ಗೋದಾಮುಗಳ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡಿ ಸರಿಪಡಿಸಿಕೊಳ್ಳುವುದು ಒಳ್ಳೆಯದು.